ಎಡಗಾಲು ಕಲಿಸಿದ ಪಾಠ

ಸ್ಕೈಡೈವಿಂಗ್ ಕಲಿಯಲು ಸೇರಿದಾಗ ನನಗಿದ್ದ ಭಯವೆಲ್ಲ ಪ್ಯಾರಾಚೂಟಿನದ್ದು. ಬಿಚ್ಚಿಕೊಳ್ಳದೇ ಹೋದರೆ ಗತಿಯೇನು? ಆದರೆ ಮೂರನೇ ಜಿಗಿತದಲ್ಲಿ ಕೈಕೊಟ್ಟಿದ್ದು ನನ್ನ ಎಡಗಾಲು.

ನಾನಿರುವುದು ಕ್ಯಾಲಿಫೋರ್ನಿಯಾದಲ್ಲಿ, ಕೆಲಸ ಸಾಫ್ಟ್‌ವೇರ್. ಸೇರಿದ್ದು ಎಎಫ್‌ಎಫ್ (ಆಕ್ಸಿಲರೇಟೆಡ್ ಫ್ರೀಫಾಲ್) ಎಂಬ ಸ್ಕೈಡೈವಿಂಗ್ ತರಬೇತಿ ಕೋರ್ಸ್. ಮೊದಲೆರಡು ಜಿಗಿತಗಳಲ್ಲಿ ಇಬ್ಬರು ಇನ್‌ಸ್ಟ್ರಕ್ಟರ್‌ಗಳು ಅಕ್ಕಪಕ್ಕ ಹಿಡಿದುಕೊಂಡೇ ಬಿದ್ದಿದ್ದರು. ಮೂರನೆಯದರಲ್ಲಿ, 13,000 ಅಡಿಯಿಂದ ಜಿಗಿದ ಸ್ವಲ್ಪ ಹೊತ್ತಿಗೆ, ಇಬ್ಬರೂ ಕೈ ಬಿಟ್ಟರು. ಕೆಳಗಿನ ಹೊಲಗಳು ಮೆಲ್ಲಗೆ ಒಂದು ಕಡೆಗೆ ಸರಿಯತೊಡಗಿದವು. ತಿರುಗುತ್ತಿರುವುದು ಹೊಲವಲ್ಲ, ನಾನು ಅಂತ ಹೊಳೆಯುವಷ್ಟರಲ್ಲಿ ಮುಖದ ಮುಂದೆ ಒಂದು ಕೈ ಬಂತು. ಎರಡು ಬೆರಳು ಚಾಚಿತ್ತು. ಗಂಟೆಗೆ ಸುಮಾರು 190 ಕಿ.ಮೀ. ವೇಗದಲ್ಲಿ ಬೀಳುವಾಗ ಕಿವಿಗೆ ಗಾಳಿ ಬಿಟ್ಟು ಬೇರೇನೂ ಕೇಳಿಸುವುದಿಲ್ಲ, ಎಲ್ಲವೂ ಕೈಸನ್ನೆ. ಎರಡು ಬೆರಳು ಅಂದರೆ ‘ಕಾಲು ಚಾಚು’.

ಎಡಗಾಲು ಮಡಚಿಕೊಂಡಿತ್ತು, ನನ್ನನ್ನು ತಿರುಗಿಸುತ್ತಿದ್ದದ್ದು ಅದೇ. ನನಗೆ ಗೊತ್ತೇ ಆಗಿರಲಿಲ್ಲ! ಚಾಚಿದೆ, ಸೊಂಟ ಕೆಳಕ್ಕೆ ಒತ್ತಿದೆ, ಹೊಲಗಳು ನಿಂತವು. ಮಣಿಕಟ್ಟಿನಲ್ಲಿದ್ದ, ಎತ್ತರ ಅಳೆಯುವ ಆಲ್ಟಿಮೀಟರ್ 5,500 ಅಡಿ ತೋರಿಸಿತು, ಪ್ಯಾರಾಚೂಟಿನ ಹಿಡಿ ಎಳೆದೆ.

ಅಲನ್ ಯೂಸ್ಟೇಸ್ ಜಿಗಿತದ ವಿಡಿಯೊವನ್ನು ಆ ರಾತ್ರಿ ಮತ್ತೆ ಹಾಕಿಕೊಂಡು ಕೂತೆ. ಗೂಗಲ್‌ನ ಹಿರಿಯ ಉಪಾಧ್ಯಕ್ಷರಾಗಿದ್ದ ಅವರು 2014ರ ಅಕ್ಟೋಬರ್ 24ರಂದು, 57ನೇ ವಯಸ್ಸಿನಲ್ಲಿ, ನ್ಯೂ ಮೆಕ್ಸಿಕೊದ ರಾಸ್ವೆಲ್‌ನಿಂದ ಹೀಲಿಯಂ ಬಲೂನಿಗೆ ನೇತುಬಿದ್ದು 1,35,890 ಅಡಿ ಏರಿದರು. ಕ್ಯಾಪ್ಸೂಲ್ ಇಲ್ಲ, ಮೈಮೇಲೊಂದು ಸ್ಪೇಸ್ ಸೂಟು ಅಷ್ಟೆ. ಸೂಟಿನೊಳಗೆ ಸೆಕೆ ಜಾಸ್ತಿಯಾಗಬಾರದು ಅಂತ ರೇಡಿಯೊ ಬಟನ್ ಒತ್ತಲೂ ಕೈ ಆಡಿಸದೆ, ಕಾಲನ್ನು ತುಸು ಅಲ್ಲಾಡಿಸಿಯೇ ಕೆಳಗಿನವರಿಗೆ ಉತ್ತರಿಸಿದರಂತೆ. ಬೀಳುವಾಗ ವೇಗ ಗಂಟೆಗೆ 1,322 ಕಿ.ಮೀ., ಶಬ್ದಕ್ಕಿಂತ ಜಾಸ್ತಿ.

ಮೊದಲೆಲ್ಲ ಆ ಎತ್ತರಕ್ಕೇ ಬೆರಗಾಗುತ್ತಿದ್ದೆ. ಈ ಸಲ ಕಣ್ಣು ಹೋಗಿದ್ದು ಬಲೂನಿನಿಂದ ಬಿಡಿಸಿಕೊಂಡ ಮೊದಲ ಕ್ಷಣಗಳ ಕಡೆಗೆ. ಅವರು ನಿಧಾನಕ್ಕೆ ಎರಡು ಸಲ ಹಿಂದಕ್ಕೆ ಪಲ್ಟಿಯಾಗುತ್ತಾರೆ. ಅಲ್ಲಿ ಗಾಳಿ ಅಷ್ಟು ತೆಳು, ಕಾಲು ಚಾಚಿದರೂ ತಡೆಯುವುದಕ್ಕೆ ಏನೂ ಸಿಗುವುದಿಲ್ಲ. ಆಮೇಲೆ ಡ್ರೋಗ್ ಎಂಬ ಪುಟ್ಟ ಪ್ಯಾರಾಚೂಟು ಅವರನ್ನು ನೆಟ್ಟಗೆ ಮಾಡುತ್ತದೆ. ಡ್ರೋಗ್ ಇದ್ದರೆ ಸಾಲದು, ಅದರ ಹಗ್ಗ ಮೈಗೆ ಸುತ್ತಿಕೊಳ್ಳಬಾರದು. 1959ರಲ್ಲಿ ಹೀಗೇ ಬಲೂನಿನಿಂದ ಜಿಗಿದ ಅಮೆರಿಕ ವಾಯುಪಡೆಯ ಜೋ ಕಿಟಿಂಗರ್ ಅವರ ಕುತ್ತಿಗೆಗೆ ಅಂಥ ಹಗ್ಗವೇ ಸುತ್ತಿಕೊಂಡಿತ್ತು. ಗಿರಗಿರ ತಿರುಗುತ್ತಾ ಪ್ರಜ್ಞೆ ತಪ್ಪಿದ ಅವರನ್ನು ಉಳಿಸಿದ್ದು ತಾನಾಗಿ ಬಿಚ್ಚಿಕೊಂಡ ಪ್ಯಾರಾಚೂಟು. ಯೂಸ್ಟೇಸ್ ತಂಡ ಜಾಸ್ತಿ ತಲೆಕೆಡಿಸಿಕೊಂಡಿದ್ದು ಇಂಥ ವಿಷಯಗಳಿಗೇ ಅಂತ ನನಗೆ ಅನಿಸುತ್ತದೆ.

ನನ್ನ ಎತ್ತರದಲ್ಲಿ ಗಾಳಿಗೇನೂ ಬರವಿಲ್ಲ. ನನ್ನ ಕಾಲು ಎಲ್ಲಿದೆ ಅಂತ ನನಗೆ ಗೊತ್ತಾದರೆ ಸಾಕು, ಅಲ್ವಾ? ಇನ್‌ಸ್ಟ್ರಕ್ಟರ್ ಒಂದು ಉಪಾಯ ಹೇಳಿದರು: ಬೀಳುವಾಗ ಎರಡೂ ಹಿಮ್ಮಡಿಗಳನ್ನು ಟಕ್ ಅಂತ ಒಂದಕ್ಕೊಂದು ತಾಗಿಸು. ತಾಗದಿದ್ದರೆ ಒಂದು ಕಾಲು ಮಡಚಿದೆ ಅಂತ ಅರ್ಥ. ವಾರವಿಡೀ ಮನೆಯ ಕಾರ್ಪೆಟ್ ಮೇಲೆ ಬೋರಲು ಮಲಗಿ, ಎದೆ ಎತ್ತಿ, ಕಣ್ಣು ಮುಚ್ಚಿ ಅದನ್ನೇ ಮಾಡಿದೆ.

ನಾಲ್ಕನೇ ಜಿಗಿತ. ಕೈ ಬಿಟ್ಟರು. ಹಿಮ್ಮಡಿ ತಾಗಿಸಿದೆ, ಇನ್ನೊಮ್ಮೆ ತಾಗಿಸಿದೆ. ಕೆಳಗೆ ಒಂದು ಕಾಲುವೆ ಕಾಣುತ್ತಿತ್ತು. ಅದು ಇದ್ದಲ್ಲೇ ಇತ್ತು.