ಮಜಲ್‌ಲೋಡರ್‌ಗೆ ಕಮ್ಮಿ ದುಡ್ಡಲ್ಲಿ ಸ್ಕೋಪ್: ಓಹಾಯೋದಲ್ಲಿ ನಾನು ಆರಿಸಿದ್ದು ಹೀಗೆ

ಮಜಲ್‌ಲೋಡರ್‌ಗೆ, ಅಂದ್ರೆ ಮೂತಿಯಿಂದ ಮದ್ದು ತುಂಬೋ ಕೋವಿಗೆ, ಸ್ಕೋಪ್ (ಗುರಿ ಹಿಡಿಯೋಕೆ ಮೇಲೆ ಕೂರಿಸೋ ದುರ್ಬೀನು) ತಗೊಳ್ಳೋಕೆ ಹೊರಟವರು ಎಲ್ರೂ ಮೊದ್ಲು ಕೇಳೋದು ಎಷ್ಟು ಪವರ್, ಅಂದ್ರೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತೆ ಅಂತ. ಅದನ್ನ ಕೊನೇಗೆ ಕೇಳಿ ಮಾರಾಯ್ರೆ, ಮೊದ್ಲು ನೀವು ಕೂರೋ ಜಾಗದಿಂದ ಜಿಂಕೆ ಎಷ್ಟು ದೂರದಲ್ಲಿ ಕಾಣುತ್ತೆ ಅನ್ನೋದನ್ನ ಸರಿಯಾಗಿ ಲೆಕ್ಕ ಹಾಕಿ. ನಾನು ಕೂರೋದು ಕೊಲಂಬಸ್‌ನಿಂದ ಆಗ್ನೇಯಕ್ಕೆ, ಓಕ್ ಮರದ ಗುಡ್ಡಗಳ ಮಧ್ಯೆ, ಅಲ್ಲಿ 100 ಗಜ ತೆರವಾಗಿ ಕಂಡ್ರೆ ಅದೇ ದೊಡ್ಡದು. ಮಾಮೂಲಿ ಹೊಡೆತ 40ರಿಂದ 80 ಗಜ. ಇದಿಷ್ಟು ಗೊತ್ತಾದ ಮೇಲೆ ಕ್ಯಾಟಲಾಗ್‌ನಲ್ಲಿ ಮುಕ್ಕಾಲು ಪಾಲು ಸ್ಕೋಪ್‌ಗಳು ತಾವಾಗೇ ಲಿಸ್ಟಿಂದ ಹೊರಗೆ ಹೋದ್ವು, ದುಡ್ಡೂ ಉಳೀತು.

ಗೊತ್ತಿಲ್ಲದವರಿಗೆ ಹೇಳ್ಬೇಕಂದ್ರೆ ಮಜಲ್‌ಲೋಡರ್ ಅಂದ್ರೆ ನಮ್ಮ ಮಲೆನಾಡಿನ ಕೇಪಿನ ಕೋವಿಯ ಜಾತಿಯೇ, ಮೂತಿಯಿಂದ ಮದ್ದು ಗುಂಡು ಹಾಕಿ ಸಲಾಕೆಯಲ್ಲಿ ಜಡಿದು ಕೂರಿಸೋದು. ಊರಲ್ಲಿ ಅದು ತೋಟ ಕಾಯೋಕೆ ಅಂತ ಲೈಸೆನ್ಸ್ ಮಾಡಿಸಿ ಇಟ್ಟ ಕೋವಿ, ಎಲೆಕ್ಷನ್ ಬಂತು ಅಂದ್ರೆ ಸ್ಟೇಷನ್‌ಗೆ ಹೋಗಿ ಜಮಾ ಮಾಡಿ ಬರ್ಬೇಕು, 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ಅನ್ನೋದು ಬರೀ ಹಳಬರ ಕತೆಗಳಲ್ಲಿ. ಇಲ್ಲಿ ಓಹಾಯೋದಲ್ಲಿ ಜನವರಿ ಶುರುವಲ್ಲಿ ಜಿಂಕೆಗೆ ಅಂತಾನೇ ಒಂದು ಮಜಲ್‌ಲೋಡರ್ ಸೀಸನ್ ಇದೆ. ಹಂಟರ್ ಎಜುಕೇಶನ್ ಕೋರ್ಸ್ ಮಾಡಿ, ಲೈಸೆನ್ಸು, ಡಿಯರ್ ಪರ್ಮಿಟ್ಟು ತಗೊಂಡು, ಕಿತ್ತಳೆ ಬಣ್ಣದ ಜಾಕೆಟ್ ಹಾಕ್ಕೊಂಡು ಹೋಗೋದು. ಎಚ್1ಬಿ ಥರದ ವೀಸಾದಲ್ಲಿ ಇರೋರು ಒಂದು ವಿಷ್ಯ ನೆನಪಿಡಿ, ಫೆಡರಲ್ ಕಾನೂನಿನ ಪ್ರಕಾರ ಅವ್ರು ಬಂದೂಕು ಇಟ್ಕೊಳ್ಳೋ ಹಾಗಿಲ್ಲ, ಚಾಲ್ತಿಯಲ್ಲಿರೋ ಹಂಟಿಂಗ್ ಲೈಸೆನ್ಸ್ ಇದ್ದೋರಿಗೆ ವಿನಾಯಿತಿ ಇದೆ, ಮಜಲ್‌ಲೋಡರ್‌ಗಳು ಬಹುತೇಕ ‘ಆಂಟಿಕ್’ (ಹಳೇ ಕಾಲದ ಆಯುಧ) ಲೆಕ್ಕಕ್ಕೆ ಹೋಗಿ ಆ ಕಾನೂನಿಂದ ಹೊರಗೆ ಉಳೀತವೆ, ಆದ್ರೆ ರಾಜ್ಯದ ಕಾನೂನು ಬೇರೆ ಇರ್ಬಹುದು, ವಕೀಲರ ಹತ್ರ ಒಂದ್ಸಲ ಕೇಳಿಯೇ ಕೈ ಹಾಕಿ. ಸ್ಕೋಪ್ ವಿಷ್ಯಾನೂ ಹಾಗೇ. ಓಹಾಯೋದಲ್ಲಿ ತಕರಾರಿಲ್ಲ, ಕೊಲರಾಡೋ ಮಜಲ್‌ಲೋಡರ್ ಸೀಸನ್‌ನಲ್ಲಿ ಸ್ಕೋಪ್ ಇಡೋ ಹಾಗೇ ಇಲ್ಲ, ಪೆನ್ಸಿಲ್ವೇನಿಯಾದಲ್ಲಿ ಕ್ರಿಸ್‌ಮಸ್ ಆದ ಮೇಲಿನ ಸೀಸನ್ ಬರೀ ಫ್ಲಿಂಟ್‌ಲಾಕ್‌ಗೆ, ಅಂದ್ರೆ ಚಕಮಕಿ ಕಲ್ಲಿನ ಕಿಡಿಯಿಂದ ಹೊತ್ತೋ ಹಳೇ ಮಾದರಿ ಕೋವಿಗೆ. ಮೊದ್ಲು ರೂಲ್ಸ್ ಪುಸ್ತಕ ಓದಿ ಆಮೇಲೆ ಪರ್ಸ್ ತೆಗೀರಿ.

ನನ್ನ ಗನ್ ಸಿವಿಎ ಕಂಪನಿಯ ವುಲ್ಫ್, .50 ಕ್ಯಾಲಿಬರ್, ಮಡಚಿ ತೆಗೆಯೋ ಬ್ರೇಕ್ ಆಕ್ಷನ್, ತೂಕ ಆರು ಪೌಂಡ್ ಚಿಲ್ಲರೆ. ಹಾಕೋದು 50 ಗ್ರೇನ್‌ನ (ಗ್ರೇನ್ ಅಂದ್ರೆ ಮದ್ದು ಗುಂಡು ತೂಗೋ ಸಣ್ಣ ಅಳತೆ) ಎರಡು ಪೆಲೆಟ್, ಅಂದ್ರೆ ಒತ್ತಿ ಮಾಡಿದ ಮದ್ದಿನ ಬಿಲ್ಲೆ, ಒಟ್ಟು 100 ಗ್ರೇನ್ ಮದ್ದು, ಮೇಲೆ 250 ಗ್ರೇನ್‌ನ ಸ್ಯಾಬಟ್ ಗುಂಡು, ಅಂದ್ರೆ ಪ್ಲಾಸ್ಟಿಕ್ ಕವಚದಲ್ಲಿ ಕೂತ ಗುಂಡು. ಮೂರು ಪೆಲೆಟ್ ಹಾಕಿ 150 ಗ್ರೇನ್ ಹೊಡೆಯೋರೂ ಇದಾರೆ, ಇಷ್ಟು ಹಗುರ ಗನ್ನಲ್ಲಿ ಅದು ಭುಜಕ್ಕೂ ಸ್ಕೋಪ್‌ಗೂ ಸುಮ್ನೆ ಶಿಕ್ಷೆ ಅನ್ಸುತ್ತೆ ನಂಗೆ. 100 ಗಜಕ್ಕೆ ಸರಿಯಾಗಿ ಗುರಿ ಕೂರಿಸಿದ್ರೆ 50 ಗಜದಲ್ಲಿ ಗುಂಡು ಮುಕ್ಕಾಲು ಇಂಚೋ ಒಂದಿಂಚೋ ಮೇಲೆ ಬೀಳುತ್ತೆ, 150ರಲ್ಲಿ ಐದಾರು ಇಂಚು ಕೆಳಗೆ, 200ಕ್ಕೆ ಹೋದ್ರೆ ಸುಮಾರು ಒಂದೂವರೆ ಅಡಿ ಕೆಳಗೆ. 200 ಗಜದ ಆಸೆ ಬಿಟ್ಬಿಟ್ರೆ ಬೆಟ್ಟದಷ್ಟು ಪವರ್ ಇರೋ ಸ್ಕೋಪಿನ ಆಸೇನೂ ತಾನಾಗೇ ಬಿಟ್ಟು ಹೋಗುತ್ತೆ.

ಈಗ ನಿಜಕ್ಕೂ ನೋಡಬೇಕಾದ್ದು, ಐ ರಿಲೀಫ್. ಅಂದ್ರೆ ಪೂರ್ತಿ ಚಿತ್ರ ಕಾಣೋವಾಗ ಕಣ್ಣಿಗೂ ಹಿಂದಿನ ಗಾಜಿಗೂ ಎಷ್ಟು ಅಂತರ ಇರುತ್ತೆ ಅನ್ನೋದು. ಮೂರಿಂಚು ಇರೋ ಸ್ಕೋಪ್ ಒದೆತ ಕಮ್ಮಿ ಇರೋ ಸಣ್ಣ .22 ಬಂದೂಕಿಗೆ ಸಾಕು, ಮಜಲ್‌ಲೋಡರ್ ಒದ್ದಾಗ ಅದೇ ಸ್ಕೋಪಿನ ಅಂಚು ಹಿಂದಕ್ಕೆ ಬಂದು ಹುಬ್ಬಿನ ಮೇಲೆ ಅರ್ಧಚಂದ್ರ ಕೊರೆದು ಹೋಗುತ್ತೆ. ಶೂಟಿಂಗ್ ರೇಂಜ್‌ನಲ್ಲಿ ಆ ಗುರುತು ಇರೋ ಹುಬ್ಬುಗಳು ಬೇಕಾದಷ್ಟು ಸಿಗ್ತವೆ. ನಾನು ಮೂರೂವರೆಗಿಂತ ಕಮ್ಮಿ ಇರೋದನ್ನ ನೋಡ್ಲೇ ಇಲ್ಲ, ನಾಲ್ಕರ ಹತ್ತಿರ ಇದ್ರೆ ಒಳ್ಳೇದು. ಇನ್ನೊಂದು, ಕಮ್ಮಿ ಬೆಲೆಯ ವೇರಿಯಬಲ್ ಸ್ಕೋಪ್‌ಗಳಲ್ಲಿ ಪವರ್ ಏರಿಸ್ತಾ ಹೋದ ಹಾಗೆ ಈ ಅಂತರ ಕುಗ್ಗೋದು ಜಾಸ್ತಿ, ಹಾಗಾಗಿ ಅಂಗಡಿಯಲ್ಲಿ ಕಮ್ಮಿ ಪವರ್‌ನಲ್ಲಿ ನೋಡಿ ಓಕೆ ಅಂದ್ಬಿಡಬೇಡಿ, ಪೂರ್ತಿ ಏರಿಸಿ ನೋಡಿ. ಮತ್ತೆ ಅಳತೆ ನೋಡೋವಾಗ ಜನವರಿಯಲ್ಲಿ ಹಾಕೋ ದಪ್ಪ ಜಾಕೆಟ್ ಹಾಕ್ಕೊಂಡೇ ನೋಡ್ಬೇಕು. ನಾನು ಆಗಸ್ಟ್‌ನಲ್ಲಿ ಟೀ ಶರ್ಟ್ ಮೇಲೆ ಆ ಜಾಕೆಟ್ ಏರಿಸ್ಕೊಂಡು ಹಾಲ್‌ನಲ್ಲಿ ನಿಂತು ಗನ್ ಎತ್ತಿ ಇಳಿಸೋದನ್ನ ನೋಡಿ ಮನೆಯವಳು ಏಸಿ ಜಾಸ್ತಿ ಮಾಡ್ಲಾ ಅಂತ ಕೇಳಿದ್ಲು. ಕಣ್ಣು ಮುಚ್ಚಿ ಗನ್ ಭುಜಕ್ಕೆ ತಂದು ಕೆನ್ನೆ ಇಟ್ಟು ಆಮೇಲೆ ಕಣ್ಣು ಬಿಡ್ಬೇಕು, ಆಗ ಸುತ್ತ ಕಪ್ಪು ನೆರಳಿಲ್ಲದೆ ಪೂರ್ತಿ ವೃತ್ತ ಕಂಡ್ರೆ ಸ್ಕೋಪ್ ಸರಿಯಾದ ಜಾಗದಲ್ಲಿದೆ ಅಂತ ಅರ್ಥ, ಕತ್ತು ಮುಂದಕ್ಕೋ ಹಿಂದಕ್ಕೋ ಎಳೀಬೇಕಾದ್ರೆ ಸ್ಕೋಪ್ ಸರಿಸಬೇಕು, ಕತ್ತನ್ನಲ್ಲ.

ಪ್ಯಾರಲಾಕ್ಸ್ ಬಗ್ಗೆ ಅಂಗಡಿಯವರು ಬಹಳ ಹೆದರಿಸ್ತಾರೆ. ಮಾಮೂಲಿ ರೈಫಲ್ ಸ್ಕೋಪ್‌ಗಳನ್ನ ಸಾಮಾನ್ಯವಾಗಿ 100 ಗಜಕ್ಕೆ ಸೆಟ್ ಮಾಡಿರ್ತಾರೆ, ಶಾಟ್‌ಗನ್ ಮಜಲ್‌ಲೋಡರ್ ಅಂತ ಬರೆದು ಮಾರೋದನ್ನ 50 ಅಥವಾ 75ಕ್ಕೆ. ಸೆಟ್ ಮಾಡಿದ ದೂರ ಬಿಟ್ಟು ಬೇರೆ ದೂರದಲ್ಲಿ, ಕಣ್ಣು ನಡುಮಧ್ಯ ಇಲ್ದಿದ್ರೆ ಗುರಿ ಸ್ವಲ್ಪ ಆಚೀಚೆ ಆಗುತ್ತೆ, ಅದು ನಿಜ. ಎಷ್ಟು ಆಚೀಚೆ ಅನ್ನೋದನ್ನ ಮಾತ್ರ ಯಾರೂ ಹೇಳಲ್ಲ. ನಾನು ಪೇಪರ್ ಮೇಲೆ ಲೆಕ್ಕ ಹಾಕ್ದೆ. ಮುಂದಿನ ಗಾಜು 32 ಮಿಲಿಮೀಟರ್, ಅದರ ಅರ್ಧ 16, ಸ್ಕೋಪ್ ಸೆಟ್ ಆಗಿರೋದು 100ಕ್ಕೆ, ಹೊಡೀತಿರೋದು 50 ಗಜದಲ್ಲಿ, ಅಂದ್ರೆ ವ್ಯತ್ಯಾಸ ಅರ್ಧ, 16ರ ಅರ್ಧ 8. ಕಣ್ಣನ್ನ ಗಾಜಿನ ತೀರಾ ಅಂಚಿಗೆ ಇಟ್ಟು ನೋಡಿದ್ರೂ 8 ಮಿಲಿಮೀಟರ್ ತಪ್ಪು, ಇಂಚಿನ ಮೂರನೇ ಒಂದು ಭಾಗ. ಜಿಂಕೆಯ ಎದೆಗೂಡಿನಲ್ಲಿ ಗುರಿ ಇಡೋ ಜಾಗ ಎಂಟಿಂಚು ಅಗಲ ಇರುತ್ತೆ. ಇದಕ್ಕೋಸ್ಕರ ಡಬ್ಬದ ಮೇಲೆ ‘ಮಜಲ್‌ಲೋಡರ್’ ಅಂತ ಅಚ್ಚಾಗಿದೆ ಅಂತ ಹೆಚ್ಚಿಗೆ ದುಡ್ಡು ಕೊಡೋಕೆ ನಂಗೆ ಮನಸ್ಸಾಗ್ಲಿಲ್ಲ. ಹಾಗಂತ 50 ಗಜಕ್ಕೆ ಸೆಟ್ ಆಗಿದೆ ಅಂತ ಸಿಕ್ಕಿದ ರಿಮ್‌ಫೈರ್ ಸ್ಕೋಪ್ (ಆ .22 ಥರದ ಸಣ್ಣ ಬಂದೂಕಿನದ್ದು) ತಂದು ಕೂರಿಸಬೇಡಿ, ಅವುಗಳಲ್ಲಿ ಎಷ್ಟೋ ಈ ಒದೆತಕ್ಕೆ ಮಾಡಿದ್ದಲ್ಲ, ಒಳಗಿನ ಕ್ರಾಸ್‌ಹೇರ್, ಅಂದ್ರೆ ಗುರಿ ತೋರಿಸೋ ಅಡ್ಡ ಉದ್ದ ಗೆರೆ, ಅಲುಗಾಡಿದ್ರೆ ಎಲ್ಲಾ ಮುಗೀತು.

ಬೆಳಕಿನ ವಿಷ್ಯ. ಇಲ್ಲಿ ಸೂರ್ಯ ಹುಟ್ಟೋಕೆ ಅರ್ಧ ಗಂಟೆ ಮೊದಲಿಂದ ಮುಳುಗಿ ಅರ್ಧ ಗಂಟೆ ಆಗೋವರೆಗೆ ಬೇಟೆಗೆ ಅವಕಾಶ, ಜಿಂಕೆ ಓಡಾಡೋದೂ ಹೆಚ್ಚಾಗಿ ಆ ಮಬ್ಬಲ್ಲೇ. ಅದಕ್ಕೆ 50 ಮಿಲಿಮೀಟರ್ ಗಾಜು ಬೇಕೇ ಬೇಕು ಅಂತ ಒಬ್ಬ ಸೇಲ್ಸ್‌ಮನ್ ಪಟ್ಟು ಹಿಡಿದಿದ್ದ. ಗಾಜಿನ ಅಗಲವನ್ನ ಪವರ್‌ನಿಂದ ಭಾಗಿಸಿದ್ರೆ ಕಣ್ಣಿಗೆ ಬರೋ ಬೆಳಕಿನ ಕಂಬದ ಅಗಲ ಸಿಗುತ್ತೆ, 32ನ್ನ 4ರಿಂದ ಭಾಗಿಸಿದ್ರೆ 8 ಮಿಲಿಮೀಟರ್. ನಮ್ಮ ಕಣ್ಣಿನ ಪಾಪೆ ಕತ್ತಲಲ್ಲಿ ಅರಳೋದೇ ಹೆಚ್ಚಂದ್ರೆ 7, ವಯಸ್ಸಾದ್ರೆ ಐದಕ್ಕೇ ನಿಲ್ಲುತ್ತೆ. ಅಂದ್ಮೇಲೆ 4 ಪವರ್‌ನಲ್ಲಿ ಇಟ್ಕೊಂಡು ನೋಡೋನಿಗೆ ದೊಡ್ಡ ಗಾಜು ಕೊಡೋ ಹೆಚ್ಚುವರಿ ಬೆಳಕು ಕಣ್ಣಿನ ಒಳಗೇ ಹೋಗಲ್ಲ. ಆ 50ರ ಗಾಜಿಗೆ ಸ್ಕೋಪ್ ಹಿಡಿದಿಡೋ ರಿಂಗ್ ಎತ್ತರ ಬೇಕು, ಎತ್ತರ ಆದ್ರೆ ಕೆನ್ನೆ ಗನ್ನಿನ ಹಿಂಬದಿಯ ಸ್ಟಾಕ್ ಮೇಲೆ ಕೂರಲ್ಲ, ಆರು ಪೌಂಡ್ ಗನ್ನಿಗೆ ಅದು ಮೂಗಿಗಿಂತ ಮೂಗುತಿ ಭಾರ. ಗಾಜಿನ ಗುಣಮಟ್ಟ ಮಾತ್ರ ನೋಡ್ಲೇಬೇಕು, ಅದಕ್ಕೆ ಸಂಜೆ ಹೊತ್ತು ಅಂಗಡಿಗೆ ಹೋಗಿ ಲೈಟ್ ಬಿದ್ದಿರೋ ಗೋಡೆ ನೋಡೋ ಬದಲು ಕಪಾಟಿನ ಕೆಳಗಿನ ಕತ್ತಲೆ ಮೂಲೆ ನೋಡಿ, ಅಲ್ಲಿಟ್ಟಿರೋ ಡಬ್ಬದ ಮೇಲಿನ ಅಕ್ಷರ ಓದೋಕೆ ಆಗುತ್ತಾ ನೋಡಿ.

ರೆಟಿಕಲ್, ಅಂದ್ರೆ ಆ ಕ್ರಾಸ್‌ಹೇರ್ ಗೆರೆಗಳ ಮಾದರಿ, ಅದರ ಬಗ್ಗೆ ಜಾಸ್ತಿ ಹೇಳೋದಿಲ್ಲ. ದೂರಕ್ಕೆ ಗುಂಡು ಎಷ್ಟು ಕೆಳಗೆ ಬೀಳುತ್ತೆ ಅಂತ ತೋರಿಸೋಕೆ ಕೆಳಗೆ ಸಣ್ಣ ಗೆರೆ, ವೃತ್ತ ಇರೋ ‘ಬಿ.ಡಿ.ಸಿ.’ ಮಾದರಿಗಳಿಗೆ ದೂರದ ಹೊಡೆತದವರು ದುಡ್ಡು ಕೊಡಲಿ. ಈ ಬೆಲೆಯ ಸ್ಕೋಪ್‌ಗಳೆಲ್ಲ ಸಾಮಾನ್ಯವಾಗಿ ಸೆಕೆಂಡ್ ಫೋಕಲ್ ಪ್ಲೇನ್, ಅಂದ್ರೆ ಪವರ್ ಬದಲಾದ್ರೂ ಗೆರೆಗಳ ಗಾತ್ರ ಬದಲಾಗಲ್ಲ, ಆ ಗೆರೆಗಳ ಲೆಕ್ಕ ಸರಿ ಬರೋದು ಹೆಚ್ಚಾಗಿ ಪವರ್ ಪೂರ್ತಿ ಏರಿಸಿದಾಗ ಮಾತ್ರ, ಅದೂ ನಿಮ್ಮ ಮದ್ದಿನ ವೇಗಕ್ಕೆ ಹೊಂದಿಕೆ ಆದ್ರೆ. ಹೊರಗೆ ದಪ್ಪ ನಡುವೆ ತೆಳು ಗೆರೆ ಇರೋ ಸಾದಾ ಕ್ರಾಸ್‌ಹೇರ್ ಮಬ್ಬಿನಲ್ಲಿ ಬೇಗ ಕಾಣುತ್ತೆ.

ಕೊನೆಗೆ ಉಳಿದಿದ್ದು ಲ್ಯೂಪೋಲ್ಡ್ ವಿಎಕ್ಸ್-ಫ್ರೀಡಂ, ಬರಿಸ್ ಫುಲ್‌ಫೀಲ್ಡ್, ವೋರ್ಟೆಕ್ಸ್ ಕ್ರಾಸ್‌ಫೈರ್ 2. ನಿಕಾನ್ ಪ್ರೋಸ್ಟಾಫ್ ಒಂದು ಕಾಲಕ್ಕೆ ಈ ಬೆಲೆಯಲ್ಲಿ ಎಲ್ರಿಗೂ ಪ್ರೀತಿ, ಆದ್ರೆ ಆ ಕಂಪನಿ ರೈಫಲ್ ಸ್ಕೋಪ್ ಮಾಡೋದನ್ನೇ ನಿಲ್ಲಿಸಿದೆ, ಹಳೇದು ಸೆಕೆಂಡ್ ಹ್ಯಾಂಡ್‌ನಲ್ಲಿ ಒಳ್ಳೇ ಸ್ಥಿತೀಲಿ ಸಿಕ್ಕಿದ್ರೆ ಯೋಚನೆ ಮಾಡ್ಬಹುದು. ಲ್ಯೂಪೋಲ್ಡ್ ಗಾಜು ಮೂರರಲ್ಲಿ ಒಂದು ಕೈ ಮೇಲೆ ಅಂತ ನನ್ನ ಅಭಿಪ್ರಾಯ, ದುಡ್ಡೂ ಒಂದು ಕೈ ಮೇಲೆ. ನಾನು ತಗೊಂಡಿದ್ದು ಕ್ರಾಸ್‌ಫೈರ್ 2, 2-7×32 (ಪವರ್ 2ರಿಂದ 7, ಮುಂದಿನ ಗಾಜು 32 ಮಿಲಿಮೀಟರ್), ಐ ರಿಲೀಫ್ 3.9 ಇಂಚು, ಆಗ ಬೆಲೆ 150 ಡಾಲರ್ ಆಸುಪಾಸು. ಜೀವಮಾನದ ವಾರಂಟಿ ಇದೆ, ಬಿಲ್ ಕೂಡ ಕೇಳಲ್ಲ. ಗನ್ ಜೊತೆ ಪ್ಯಾಕೇಜ್‌ನಲ್ಲಿ ಸ್ಕೋಪ್ ಕೊಡೋ ಆಫರ್‌ಗಳು ಇರ್ತವೆ, ಸ್ನೇಹಿತನೊಬ್ಬ ಅಂಥದ್ದು ತಗೊಂಡು ಒಂದೊಂದು ಸಲ ಒಂದೊಂದು ಕಡೆ ಗುಂಡು ಬಿದ್ದು ಬೇಸತ್ತು ಹೋದ, ಅದನ್ನ ನೋಡಿದ್ದೆ, ಹಾಗಾಗಿ ಬರೀ ಗನ್ ತಗೊಂಡು ಸ್ಕೋಪ್ ಬೇರೆ ತಗೊಂಡೆ.

ಉಳಿದ ದುಡ್ಡು ಮೌಂಟ್‌ಗೆ, ಅಂದ್ರೆ ಸ್ಕೋಪನ್ನ ಗನ್ನಿಗೆ ಕೂರಿಸೋ ಹಿಡಿಕೆಗೆ. ಇಲ್ಲಿ ಜುಗ್ಗತನ ಬೇಡ. ಸಿವಿಎಗೆ ಅವರದೇ ಒಂದೇ ತುಂಡಿನ ಡ್ಯುರಾಸೈಟ್ ಮೌಂಟ್ ಬರುತ್ತೆ, ಬೇಸ್ ರಿಂಗ್ ಎರಡೂ ಒಟ್ಟಿಗೆ, ಸಡಿಲ ಆಗೋಕೆ ಇರೋ ಜಾಗ ಕಮ್ಮಿ. ಬೇಸ್ ಸ್ಕ್ರೂಗಳ ಎಣ್ಣೆ ಒರೆಸಿ ಸ್ಕ್ರೂ ಸಡಿಲ ಆಗದ ಹಾಗೆ ಹಿಡಿಯೋ ನೀಲಿ ಲಾಕ್‌ಟೈಟ್ ಅಂಟು ಒಂದು ಹನಿ ಹಾಕ್ದೆ. ರಿಂಗ್ ಸ್ಕ್ರೂಗಳನ್ನ ಆ ಕಡೆ ಒಂದು ಈ ಕಡೆ ಒಂದು ಅಂತ ಸ್ವಲ್ಪ ಸ್ವಲ್ಪವೇ ಬಿಗಿದು ವೋರ್ಟೆಕ್ಸ್‌ನವರು ಹೇಳೋ 15-18 ಇಂಚ್ ಪೌಂಡ್ (ಬಿಗಿತದ ಅಳತೆ) ಬಂದಾಗ ನಿಲ್ಲಿಸ್ದೆ, ಕೈಯಂದಾಜಲ್ಲಿ ಬಿಗಿದ್ರೆ ಟ್ಯೂಬ್ ಜಜ್ಜಿ ಹೋಗುತ್ತೆ. ಆಮೇಲೆ ಮನೆಯವಳ ನೇಲ್ ಪಾಲಿಶ್‌ನಲ್ಲಿ ಪ್ರತಿ ಸ್ಕ್ರೂ ತಲೆಯಿಂದ ರಿಂಗ್ ಮೇಲಕ್ಕೆ ಒಂದು ಗೆರೆ ಎಳೆದೆ, ಸ್ಕ್ರೂ ತಿರುಗಿದ್ರೆ ಗೆರೆ ತುಂಡಾಗಿ ಕಾಣುತ್ತೆ. ಹ್ಯಾಮರ್‌ಗೆ, ಅಂದ್ರೆ ಹೊಡೆಯೋ ಮೊದ್ಲು ಹೆಬ್ಬೆರಳಲ್ಲಿ ಹಿಂದಕ್ಕೆ ಎಳೆಯೋ ಕುದುರೆಗೆ, ಪಕ್ಕಕ್ಕೆ ಚಾಚಿರೋ ಸಣ್ಣ ಎಕ್ಸ್‌ಟೆನ್ಶನ್ ಹಾಕ್ಬೇಕು, ಇಲ್ದಿದ್ರೆ ಸ್ಕೋಪ್ ಅಡ್ಡ ಬಂದು ಗ್ಲೌಸ್ ಹಾಕಿದ ಹೆಬ್ಬೆರಳು ಜಾರುತ್ತೆ, ಹ್ಯಾಮರ್ ಜಾರೋದು ಆಟದ ಮಾತಲ್ಲ.

ಗುರಿ ಕೂರಿಸೋಕೆ ಲೇಸರ್ ಗೀಸರ್ ತಗೊಳ್ಳಿಲ್ಲ. ಗನ್ ಖಾಲಿ ಇರೋದನ್ನ ಖಾತ್ರಿ ಮಾಡ್ಕೊಂಡು ಮಡಚಿ, ನಳಿಗೆಯ ಹಿಂಬದಿ ಮುಚ್ಚಿರೋ ಬ್ರೀಚ್ ಪ್ಲಗ್‌ನ ಬೆರಳಲ್ಲೇ ತಿರುಗಿಸಿ ತೆಗೆದ್ರೆ ನಳಿಗೆಯಲ್ಲಿ ಆರಪಾರ ಕಾಣುತ್ತೆ. ಇಲ್ಲೇ ಓಹಾಯೋದ ಡೆಲವೇರ್ ವೈಲ್ಡ್‌ಲೈಫ್ ಏರಿಯಾದ ರೇಂಜ್‌ನಲ್ಲಿ ಮರಳುಚೀಲದ ಮೇಲೆ ಅಲುಗದ ಹಾಗೆ ಕೂರಿಸಿ, ಹಿಂದಿನಿಂದ ನೋಡ್ತಾ 25 ಗಜದ ಟಾರ್ಗೆಟ್ಟಿನ ಕಪ್ಪು ಬೊಟ್ಟು ನಳಿಗೆಯ ನಡುವೆ ಬರೋ ಹಾಗೆ ಮಾಡಿ, ಗನ್ ಮುಟ್ಟದೆ ಸ್ಕೋಪಿನ ನಾಬ್ ತಿರುಗಿಸಿ ಕ್ರಾಸ್‌ಹೇರ್ ಅದೇ ಬೊಟ್ಟಿನ ಮೇಲೆ ತಂದೆ. ಪ್ಲಗ್ ವಾಪಸ್ ಹಾಕಿ ಹೊಡೆದ ಗುಂಡು ಕಾಗದದ ಮೇಲೇ ಬಿತ್ತು, ಎರಡಿಂಚು ಎಡಕ್ಕೆ. 100 ಗಜದಲ್ಲಿ ಒಂದು ಕ್ಲಿಕ್ ಅಂದ್ರೆ ಕಾಲು ಇಂಚು, 25ರಲ್ಲಿ ಅದರ ಕಾಲು ಭಾಗ, ಇಂಚಿಗೆ 16 ಕ್ಲಿಕ್, ಎರಡಿಂಚಿಗೆ 32 ಕ್ಲಿಕ್ ಬಲಕ್ಕೆ. ಆಮೇಲೆ 50, ಆಮೇಲೆ 100. ಪ್ರತಿ ಗುಂಡು ಆದ ಮೇಲೂ ಒಂದು ಒದ್ದೆ ಬಟ್ಟೆ ಒಂದು ಒಣ ಬಟ್ಟೆ ನಳಿಗೆಯೊಳಗೆ ಓಡಿಸ್ಲೇಬೇಕು. ಮಸಿ ಕಟ್ಟಿದ ನಳಿಗೆಯಲ್ಲಿ ಹೊಡೆದ ಗುಂಡು ಬೇರೆ ಕಡೆ ಹೋಗುತ್ತೆ, ಅದನ್ನ ನೋಡಿ ಸ್ಕೋಪ್ ಸರಿ ಇಲ್ಲ ಅಂತ ನಾಬ್ ತಿರುಗಿಸ್ತಾ ಕೂತವರನ್ನ ರೇಂಜ್‌ನಲ್ಲಿ ಯಾವಾಗ ಹೋದ್ರೂ ನೋಡ್ಬಹುದು.

ಕಾಡಲ್ಲಿ ಮರಸು ಕೂತಾಗ ನಾನು ಪವರ್ 3ರಲ್ಲೇ ಬಿಟ್ಟಿರ್ತೀನಿ. ಜಿಂಕೆ ಗಿಡಗಳ ಸಂದಿಯಿಂದ ತಲೆ ಹಾಕೋದು ಯಾವ ಕಡೆಯಿಂದ ಅಂತ ಗೊತ್ತಿರಲ್ಲ, 7ರಲ್ಲಿ ಇಟ್ರೆ ಹತ್ತಿರದ ಜಿಂಕೆಯ ಬದಲು ಬರೀ ಕಂದು ಕೂದಲು ಕಾಣುತ್ತೆ. ಆ ಜನವರಿಯಲ್ಲಿ ಒಂದು ಹೆಣ್ಣು ಜಿಂಕೆ ಅರವತ್ತು ಗಜದ ಆಚೀಚೆ ಅಡ್ಡ ನಿಂತಿತ್ತು, ಕ್ರಾಸ್‌ಹೇರ್ ಮುಂಗಾಲಿನ ಹಿಂದೆ ಕೂತಿದ್ದು ಕಂಡಿದ್ದಷ್ಟೇ, ಆಮೇಲೆ ಬರೀ ಬಿಳಿ ಹೊಗೆ. ಹೊಗೆ ಚದುರೋವರೆಗೆ ಯಾವ ಬೆಲೆಯ ಸ್ಕೋಪಿನಲ್ಲೂ ಏನೂ ಕಾಣಲ್ಲ, ಹೊಡೆಯೋ ಮೊದ್ಲೇ ಅದು ನಿಂತ ಜಾಗದ ಪಕ್ಕದ ಒಂದು ಮರ ಗುರುತು ಇಟ್ಕೊಂಡಿರ್ಬೇಕು. ಮತ್ತೆ ಚಳಿಯಲ್ಲಿ ಉಸಿರು ಗಾಜಿನ ಮೇಲೆ ಬಿಡಬೇಡಿ, ಮಂಜು ಕಟ್ಟಿ ಒರೆಸ್ತಾ ಕೂರ್ಬೇಕಾಗುತ್ತೆ.

ನಿಮ್ಮದು ಬಯಲುಸೀಮೆ, ಸೋಯಾ ಜೋಳದ ಹೊಲದ ಅಂಚಲ್ಲಿ ಕೂತು 150 ಗಜ ಹೊಡೆಯೋರು ಅಂದ್ರೆ 3-9×40 ತಗೊಳ್ಳಿ, ಇದೇ ಲೆಕ್ಕ, ಐ ರಿಲೀಫ್ ಮಾತ್ರ ಮರೀಬೇಡಿ. ಸಂಜೆ ಮನೆಗೆ ಬಂದ ಮೇಲೆ ನಳಿಗೆ ಬಿಸಿನೀರು ಸೋಪಲ್ಲಿ ತೊಳೆಯೋವಾಗ ಸ್ಕೋಪ್ ಬಿಚ್ಚಬೇಕಾಗಿಲ್ಲ, ಪ್ಲಾಸ್ಟಿಕ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ರೆ ಸಾಕು, ಹಿಂದಿನ ಗಾಜಿನ ಮೇಲೆ ಪ್ರೈಮರ್ (ಮದ್ದು ಹೊತ್ತಿಸೋ ಕೇಪು) ಮಸಿ ಕೂತಿದ್ರೆ ಮೊದ್ಲು ಬ್ರಷ್‌ನಲ್ಲಿ ಉದುರಿಸಿ ಆಮೇಲೆ ಲೆನ್ಸ್ ಬಟ್ಟೆ ಹಾಕಿ, ಒಣ ಮಸಿ ಮೇಲೆ ಅಂಗಿ ತುದಿಯಲ್ಲಿ ಉಜ್ಜಿದ್ರೆ ಕೋಟಿಂಗ್ ಗೀರಿ ಹೋಗುತ್ತೆ.