ಆರು ಮೀಟರ್ ಹಗ್ಗ

ನಾನು ಪಿಟಿ ಮೇಷ್ಟ್ರು. ಕಬಡ್ಡಿ, ಖೋಖೋ ಕಲಿಸಿಯೇ ಅಭ್ಯಾಸ. ಹುಡುಗಿಯರ ಹ್ಯಾಂಡ್‌ಬಾಲ್ ತಂಡ ಕಟ್ಟಲು ಹೊರಟಾಗ ನಿಯಮಗಳನ್ನೆಲ್ಲ ಬೋರ್ಡಿನ ಮೇಲೆ ಬರೆದೆ. ಅವರೂ ನೋಟ್ಸ್ ಮಾಡಿಕೊಂಡರು. ಮೈದಾನಕ್ಕೆ ಇಳಿದರೆ ಎಲ್ಲರೂ ಗೋಲಿನ ಮುಂದೆಯೇ, ಸಂತೆ ನೆರೆದ ಹಾಗೆ!

ಮರುದಿನ ಬೋರ್ಡ್ ಬಿಟ್ಟು ಹಗ್ಗ, ಗೂಟ, ಸುಣ್ಣದ ಪುಡಿ ಹಿಡಿದೆ. ಅಂಕಣ 40 ಮೀಟರ್ ಉದ್ದ, 20 ಮೀಟರ್ ಅಗಲ. ಗೋಲು 3 ಮೀಟರ್ ಅಗಲ, 2 ಮೀಟರ್ ಎತ್ತರ. ಗೋಲ್‌ಕಂಬದ ಒಳಅಂಚಿಗೆ ಗೂಟ ಹೊಡೆದು, 6 ಮೀಟರ್ ಹಗ್ಗದಲ್ಲಿ ಎರಡೂ ಕಡೆ ಕಾಲು ವೃತ್ತ ಎಳೆದೆ. ನಡುವೆ 3 ಮೀಟರ್ ನೇರ ಗೆರೆ ಹಾಕಿ ಕೂಡಿಸಿದೆ. "ಇದರೊಳಗೆ ಗೋಲ್‌ಕೀಪರ್ ಬಿಟ್ಟು ಯಾರೂ ಕಾಲಿಡಬಾರದು" ಅಂದೆ.

"ಹಾರಿದ್ರೆ, ಸಾರ್?"

ಆಟ ಇರೋದೇ ಅಲ್ಲಿ! ಗೆರೆಯ ಹೊರಗಿಂದ ಜಿಗಿದು, ಕಾಲು ನೆಲ ಮುಟ್ಟುವ ಮೊದಲೇ ಚೆಂಡು ಎಸೆಯಬಹುದು. ಅವತ್ತು ಕತ್ತಲಾಗುವ ತನಕ ಜಿಗಿದರು. ಗೆರೆಯನ್ನು ಎರಡು ಸಲ ಮತ್ತೆ ಹಾಕಬೇಕಾಯಿತು.

ಚೆಂಡು ಕೈಯಲ್ಲಿದ್ದರೆ ಮೂರೇ ಹೆಜ್ಜೆ, ಮೂರೇ ಸೆಕೆಂಡ್. ಇದನ್ನು ಜೋರಾಗಿ ಎಣಿಸುತ್ತಾ ಕಲಿಸಿದೆ. ಮೊಣಕಾಲಿನ ಕೆಳಗೆ ಚೆಂಡು ತಾಗುವಂತಿಲ್ಲ. ತನ್ನ ವಲಯದೊಳಗೆ ಚೆಂಡು ತಡೆಯುವ ಗೋಲ್‌ಕೀಪರ್‌ಗೆ ಮಾತ್ರ ಕಾಲೂ ನಡೆಯುತ್ತೆ.

ಜಾಗ ಹಂಚುವಾಗ ಎಡವಿದ್ದು ನಾನೇ. ಗೋಲ್‌ಕೀಪರ್ ಬಿಟ್ಟರೆ ಆರು ಜನ: ಎರಡು ಮೂಲೆಗೆ ವಿಂಗ್, ಹಿಂದೆ ಮೂವರು ಬ್ಯಾಕ್, ಎದುರಾಳಿಗಳ ನಡುವೆ ಪಿವೋಟ್. ಒಬ್ಬಳು ಎಡಚಿ ಇದ್ದಳು. ಎಡಗೈ ಅಲ್ವಾ ಅಂತ ಎಡ ವಿಂಗ್‌ಗೆ ಹಾಕಿದೆ. ಮೂಲೆಯಿಂದ ಎಸೆದದ್ದೆಲ್ಲ ಗೋಲಿನ ಪಕ್ಕ ಹೋಯಿತು. ಬಲಕ್ಕೆ ಕಳಿಸಿದೆ. ಅಲ್ಲಿಂದ ಜಿಗಿದರೆ ಎಡಗೈ ಗೋಲಿನ ನಡುವಿನ ಕಡೆಗೇ ಚಾಚುತ್ತೆ, ಗುರಿಯಿಡಲು ಜಾಸ್ತಿ ಜಾಗ ಸಿಗುತ್ತೆ. ಆಟ ಓದುವ ಚುರುಕು ಹುಡುಗಿಯನ್ನು ಸೆಂಟರ್ ಬ್ಯಾಕ್ ಮಾಡಿದೆ.

ಪಿವೋಟ್‌ಗೆ ಕಬಡ್ಡಿ ಹುಡುಗಿಯೇ ಸರಿ ಅನ್ನಿಸಿತು. ಗೆರೆಯ ಹತ್ತಿರ ಗೋಲಿಗೆ ಬೆನ್ನು ಹಾಕಿ, ತಳ್ಳಾಟದಲ್ಲೂ ಕದಲದೆ ನಿಂತು ಚೆಂಡು ಹಿಡಿಯುತ್ತಿದ್ದಳು. ತೊಂದರೆ ಶುರುವಾದದ್ದು ನಾವು ಗೋಲು ಕಾಯುವಾಗ. ಓಡಿಬಂದವರ ಸೊಂಟಕ್ಕೇ ಕೈ! ಹ್ಯಾಂಡ್‌ಬಾಲ್‌ನಲ್ಲಿ ಎದೆಯೊಡ್ಡಿ ಅಡ್ಡ ನಿಲ್ಲಬಹುದು, ತಬ್ಬಿ ಹಿಡಿಯುವ ಹಾಗಿಲ್ಲ. ಮೊದಲ ಪಂದ್ಯದಲ್ಲೇ ಎರಡೆರಡು ನಿಮಿಷದಂತೆ ಎರಡು ಸಲ ಹೊರಗೆ ಕೂತಳು. ಮೂರನೆಯದಾದರೆ ಕೆಂಪು ಕಾರ್ಡ್. "ಹಿಡಿದ್ರೆ ಕಬಡ್ಡೀಲಿ ಪಾಯಿಂಟ್ ಕೊಡ್ತಾರಲ್ಲ ಸಾರ್" ಅಂತ ಮುಖ ಊದಿಸಿಕೊಂಡಳು. ನಾವು ಒಬ್ಬಳು ಕಮ್ಮಿಯಾಗಿ ಆಡುತ್ತಿದ್ದಾಗ ಮೂರು ಗೋಲು ಬಿದ್ದವು.