ಒಂಬತ್ತನೇ ಕ್ಲಾಸಿಗೆ ಕಾಲಿಡುವ ಮಗು, ಅದರ ಹಿಂದೆಯೇ ಓಡುವ ನಾವು

ಜೂನ್ ಬಂತೆಂದರೆ ನನ್ನ ಫೋನಿಗೆ ಬೇರೆ ಬೇರೆ ನಂಬರುಗಳಿಂದ ಒಂದೇ ಪ್ರಶ್ನೆ ಬರುತ್ತದೆ. "ಅಕ್ಕಾ, ಮಗಳು ಈ ಸಲ ಹೈಸ್ಕೂಲಿಗೆ. ಏನೇನು ರೆಡಿ ಮಾಡ್ಕೋಬೇಕು?" ಕೇಳುವವರು ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಬಂದು ಇನ್ನೂ ಆರು ತಿಂಗಳಾಗಿರುವುದಿಲ್ಲ. ನಾನು ತಿಪಟೂರು ಬಿಟ್ಟು ಕ್ಯಾಲಿಫೋರ್ನಿಯಾದ ಫ್ರೀಮಾಂಟಿಗೆ ಬಂದು 19 ವರ್ಷವಾಯಿತು. ಮಗಳು ಇಲ್ಲಿ ಹೈಸ್ಕೂಲು ಮುಗಿಸಿದ್ದಾಳೆ, ಮಗ ಕಳೆದ ವರ್ಷ ಸೇರಿದ. ಮಗಳ ಮೇಲೆ ಪ್ರಯೋಗ ಮಾಡಿ ಕಲಿತದ್ದು ಮಗನಿಗೆ ಉಪಯೋಗಕ್ಕೆ ಬಂತು. ಅವಳು ಇದನ್ನು ಈಗಲೂ ಎತ್ತಿ ಆಡುತ್ತಾಳೆ, ಆಡಲಿ.

ಮೊದಲು 'ಹೈಸ್ಕೂಲು' ಎಂಬ ಪದವೇ ನಮ್ಮನ್ನು ಮೋಸ ಮಾಡುತ್ತದೆ. ನಮಗೆ ಹೈಸ್ಕೂಲೆಂದರೆ ಎಂಟು, ಒಂಬತ್ತು, ಹತ್ತು. ಎಸ್ಸೆಸ್ಸೆಲ್ಸಿ ಬರೆದು ಪಾಸಾದರೆ ಪೇಡೆ ಹಂಚಿ, ಆಮೇಲೆ ಪಿಯುಸಿಯಲ್ಲಿ ಗಂಭೀರವಾಗುವುದು. ಇಲ್ಲಿ ಒಂಬತ್ತರಿಂದ ಹನ್ನೆರಡರವರೆಗೆ ನಾಲ್ಕು ವರ್ಷ, ಪಿಯುಸಿಯೂ ಅದರ ಹೊಟ್ಟೆಯೊಳಗೇ ಇದೆ. ಕೊನೆಯಲ್ಲೊಂದು ದೊಡ್ಡ ಪಬ್ಲಿಕ್ ಪರೀಕ್ಷೆ ಬರೆದು ಹಿಂದಿನದನ್ನೆಲ್ಲ ತೊಳೆದುಕೊಳ್ಳುವ ಅವಕಾಶವಿಲ್ಲ. ಒಂಬತ್ತನೇ ಕ್ಲಾಸಿನ ಆಗಸ್ಟಿನಿಂದಲೇ ಟ್ರಾನ್ಸ್‌ಕ್ರಿಪ್ಟ್, ಅಂದರೆ ಕಾಲೇಜಿನವರು ನೋಡುವ ಗ್ರೇಡುಗಳ ದಾಖಲೆ, ಶುರು. ಇದು ಗೊತ್ತಾದ ದಿನ ನಾನು ಬೆಚ್ಚಿಬಿದ್ದೆ. ಬೆಚ್ಚಿದವಳು ಏನು ಮಾಡಬಾರದೋ ಅದನ್ನೆಲ್ಲ ಮಾಡಿದೆ.

ಕಾಗದಪತ್ರದ ಕೆಲಸ ಇಷ್ಟೇ: ಮನೆಯ ಬಾಡಿಗೆ ಕರಾರು, ಕರೆಂಟ್ ಬಿಲ್ಲು, ಮಗುವಿನ ಪಾಸ್‌ಪೋರ್ಟು, ಊರಿನ ಶಾಲೆಯ ಮಾರ್ಕ್ಸ್ ಕಾರ್ಡು, ಲಸಿಕೆಗಳ ದಾಖಲೆ. ಟಿಡ್ಯಾಪ್ (ಧನುರ್ವಾಯು, ಗಂಟಲಮಾರಿ, ನಾಯಿಕೆಮ್ಮಿನ) ಲಸಿಕೆಯನ್ನು ಮರೆಯಬೇಡಿ. ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ.

ಆದರೆ ಆ ಕಂತೆಯಲ್ಲಿ ಒಂದು ಹಾಳೆ ಇರುತ್ತದೆ. ಅಲ್ಲಿ ಸ್ವಲ್ಪ ನಿಲ್ಲಿ. ಮನೆಮಾತಿನ ಬಗ್ಗೆ ನಾಲ್ಕು ಪ್ರಶ್ನೆ. ಮಗು ಮೊದಲು ಕಲಿತ ಮಾತು ಯಾವುದು, ಮನೆಯಲ್ಲಿ ಹೆಚ್ಚಾಗಿ ಆಡುವುದು ಯಾವುದು, ನೀವು ಮಗುವಿನ ಜೊತೆ ಯಾವುದರಲ್ಲಿ ಮಾತಾಡುತ್ತೀರಿ, ಮನೆಯ ದೊಡ್ಡವರು ಯಾವುದರಲ್ಲಿ ಮಾತಾಡುತ್ತಾರೆ. ನಿಮಗಿಂತ ಮೊದಲು ಬಂದವರು ಯಾರಾದರೂ ಖಂಡಿತ ಕಿವಿಯಲ್ಲಿ ಊದುತ್ತಾರೆ: "ಎಲ್ಲದಕ್ಕೂ ಇಂಗ್ಲಿಷ್ ಅಂತ ಬರೀರಿ, ಕನ್ನಡ ಅಂದ್ರೆ ಮಗೂನ ಇಂಗ್ಲಿಷ್ ಪರೀಕ್ಷೆಗೆ ಕೂರಿಸ್ತಾರೆ." ನನಗೂ ಊದಿದ್ದರು. ಮಗಳನ್ನು ಕಿಂಡರ್‌ಗಾರ್ಟನ್‌ಗೆ ಸೇರಿಸುವಾಗ ನಾಲ್ಕು ಗೆರೆಯ ಮೇಲೂ ಇಂಗ್ಲಿಷ್ ಅಂತ ಬರೆದೆ. ಆಗ ಅವಳಿಗೆ ಬರುತ್ತಿದ್ದದ್ದೇ ಕನ್ನಡ. ನಾನು ಆ ಫಾರಂ ತುಂಬುವಾಗ ಪಕ್ಕದ ಕುರ್ಚಿಯಲ್ಲಿ ಕಾಲಾಡಿಸುತ್ತಾ "ಅಮ್ಮಾ, ಉಚ್ಚೆ" ಅಂದಳು, ಕನ್ನಡದಲ್ಲೇ. ಕೌಂಟರಿನ ಹೆಂಗಸು ನಕ್ಕಳು. ನಾನು ಪೆನ್ನು ನಿಲ್ಲಿಸಲಿಲ್ಲ.

ಮೂರನೇ ಕ್ಲಾಸಿನ ಹೊತ್ತಿಗೆ ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದಳು. ಹೈಸ್ಕೂಲಿನಲ್ಲಿ ಇನ್ನೊಂದು ಭಾಷೆ ಬೇಕಲ್ಲ, ಸ್ಪ್ಯಾನಿಷ್ ತೆಗೆದುಕೊಂಡಳು, ಚೆನ್ನಾಗಿಯೂ ಕಲಿತಳು. ಎರಡು ಭಾಷೆ ಬಲ್ಲ ಮಕ್ಕಳ ಡಿಪ್ಲೊಮಾ ಮೇಲೆ ಈ ರಾಜ್ಯ 2012ರಿಂದ ಬಂಗಾರದ ಬಣ್ಣದ ಮುದ್ರೆ ಒತ್ತುತ್ತದೆ. ಅವಳದರ ಮೇಲೂ ಇದೆ, ಸ್ಪ್ಯಾನಿಷ್‌ಗಾಗಿ. ನಮ್ಮ ಬೀದಿಯಲ್ಲಿ ಹುಲ್ಲು ಕತ್ತರಿಸಲು ಬರುವವರ ಜೊತೆ ಗಂಟೆಗಟ್ಟಲೆ ಹರಟುತ್ತಾಳೆ. ತಿಪಟೂರಿನ ಅಜ್ಜಿ ಫೋನು ಮಾಡಿದರೆ "ಊಟ ಆಯ್ತಾ ಅಜ್ಜಿ, ಚೆನ್ನಾಗಿದೀನಿ ಅಜ್ಜಿ" ಅಂದು ಫೋನು ನನ್ನ ಕೈಗೆ ದಾಟಿಸುತ್ತಾಳೆ. ಇದಕ್ಕೆಲ್ಲ ಆ ಹಾಳೆಯೇ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ಅವತ್ತು ಸುಳ್ಳು ಬರೆದವಳು ನಾನು, ಅದನ್ನು ನಿಜ ಮಾಡಿದ್ದು ಆಮೇಲಿನ ವರ್ಷಗಳು.

ನೀವು ಇದ್ದದ್ದನ್ನು ಇದ್ದ ಹಾಗೇ ಬರೆಯಿರಿ. ಸೇರಿಸಿದ 30 ದಿನದೊಳಗೆ ಎಲ್‌ಪ್ಯಾಕ್ ಅನ್ನುವ ಆ ಇಂಗ್ಲಿಷ್ ಪರೀಕ್ಷೆ ಮಾಡುತ್ತಾರೆ, ಮಾಡಲಿ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿ ಬಂದ ಮಗುವಿಗೆ ಅದೇನೂ ಬೆಟ್ಟವಲ್ಲ. ಇಂಗ್ಲಿಷ್ ನಿಜವಾಗಿಯೂ ತಡವರಿಸಿದರೆ ಸಹಾಯ ಸಿಗುತ್ತದೆ, ಅದರಲ್ಲಿ ನಾಚಿಕೆಪಡುವುದು ಏನಿದೆ? ಹಾಗೇ ಕೌನ್ಸೆಲರ್ ಹತ್ತಿರ ಕೇಳಿ, ವಾರಾಂತ್ಯದ ಕನ್ನಡ ಕಲಿಕೆಗೆ ಭಾಷೆಯ ಕ್ರೆಡಿಟ್ ಸಿಗುತ್ತದೆಯೇ ಅಂತ. ನಿಯಮ ಒಂದೊಂದು ಸ್ಕೂಲ್ ಡಿಸ್ಟ್ರಿಕ್ಟಿನಲ್ಲಿ (ಊರಿನ ಶಾಲೆಗಳನ್ನು ನಡೆಸುವ ಆಡಳಿತ) ಒಂದೊಂದು ಥರ. ನಾನು ಕೇಳಲೇ ಇಲ್ಲ. ಕೌನ್ಸೆಲರ್ ಅಂದರೆ ತಲೆ ಕೆಟ್ಟವರು ಹೋಗುವ ಜಾಗ ಅಂದುಕೊಂಡು ಮೊದಲ ವರ್ಷವಿಡೀ ಆ ಕಡೆ ತಲೆಹಾಕಲಿಲ್ಲ. ಯಾವ ವಿಷಯ ತೆಗೆದುಕೊಳ್ಳಬೇಕು, ಯಾವುದು ಬಿಡಬೇಕು ಎಂದು ಹೇಳುವವರೂ ಅವರೇ ಅಂತ ತಿಳಿದದ್ದು ಆಮೇಲೆ.

ಬೇಸಿಗೆ ರಜೆಯ ವಿಷಯ. ಎಂಟನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ ಊರಿಗೆ ಹೋಗುವುದಾದರೆ ಜುಲೈ ಮುಗಿಯುವುದರೊಳಗೆ ವಾಪಸ್ ಬನ್ನಿ. ನಾವು ಟಿಕೆಟ್ ಅಗ್ಗ ಅಂತ ಶಾಲೆ ಶುರುವಾಗುವ ಹಿಂದಿನ ಸಂಜೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದೆವು. ಚಟ್ನಿಪುಡಿ, ಕೊಬ್ಬರಿ, ಹಪ್ಪಳದ ನಾಲ್ಕು ಸೂಟ್‌ಕೇಸು ನಡುಮನೆಯಲ್ಲಿ ಬಾಯಿ ತೆರೆದುಕೊಂಡು ಬಿದ್ದಿದ್ದವು. ಅವುಗಳ ನಡುವೆ ಮಗಳು ಬೆಳಗಿನ ಮೂರು ಗಂಟೆಗೆ ಎದ್ದು ಕೂತು ಅವಲಕ್ಕಿ ತಿನ್ನುತ್ತಿದ್ದಳು. ಎರಡನೇ ಪೀರಿಯಡ್ಡಿಗೇ ನಿದ್ದೆ ಹೋದಳಂತೆ. ಅದಾದರೂ ವಾರದಲ್ಲಿ ಸರಿಯಾಯಿತು. ಸರಿಯಾಗದೇ ಹೋದದ್ದು ಬೇರೆ. ಹೊಸ ಮಕ್ಕಳಿಗೆ ಶಾಲೆ ತೋರಿಸುವ ದಿನ ತಪ್ಪಿತು. ಶರತ್ಕಾಲದ ಆಟಗಳ ಆಯ್ಕೆ ಶಾಲೆ ತೆರೆಯುವ ಮೊದಲೇ ಮುಗಿದುಹೋಗಿತ್ತು. ಆಟಕ್ಕೆ ಸೇರಲು ಡಾಕ್ಟರ ಸಹಿ ಇರುವ ಫಾರಂ ಬೇಕು ಅನ್ನುವುದೂ ನಮಗೆ ಗೊತ್ತಿರಲಿಲ್ಲ. "ಆಟ ತಾನೇ, ಬಿಡು" ಅಂದರು ನಮ್ಮ ಯಜಮಾನರು. ನಾನೂ ಹೂಂ ಅಂದೆ.

ಆಟ ಯಾಕೆ ಮುಖ್ಯ ಅಂದರೆ, ಇಲ್ಲಿ ಬೆಂಚಿಲ್ಲ. ನಾನು ತಿಪಟೂರಿನಲ್ಲಿ ಮೂರು ವರ್ಷ ಒಂದೇ ಬೆಂಚಿನಲ್ಲಿ, ಅದೇ ಇಬ್ಬರು ಹುಡುಗಿಯರ ಪಕ್ಕ ಕೂತಿದ್ದೆ. ಮೇಷ್ಟರುಗಳು ಬಂದುಹೋಗುತ್ತಿದ್ದರು, ನಾವು ಅಲ್ಲೇ ಇರುತ್ತಿದ್ದೆವು. ಯಾರಿಗೆ ಮುಟ್ಟಾಗಿದೆ, ಯಾರ ಮನೆಯಲ್ಲಿ ಅಪ್ಪ ಕುಡಿದು ಬಂದ, ಎಲ್ಲ ಬೆಂಚಿಗೆ ಗೊತ್ತಿತ್ತು. ಇಲ್ಲಿ ಟೀಚರು ರೂಮಿನಲ್ಲಿ ಇರುತ್ತಾರೆ, ಮಕ್ಕಳು ಅಲೆಯುತ್ತಾರೆ. ಪ್ರತಿ ಪೀರಿಯಡ್ಡಿಗೂ ಬೇರೆ ಮುಖಗಳು. ಎರಡು ಸಾವಿರ ಮಕ್ಕಳ ಶಾಲೆಯಲ್ಲಿ ಮಗಳು ಊಟದ ಹೊತ್ತನ್ನು ಲೈಬ್ರರಿಯಲ್ಲಿ ಕಳೆಯುತ್ತಿದ್ದಳು. ನನಗದು ಓದಿನ ಆಸಕ್ತಿಯಂತೆ ಕಂಡಿತ್ತು, ಕನ್ನಡ ಕೂಟದಲ್ಲಿ ಹೇಳಿಕೊಂಡೂ ಬಂದಿದ್ದೆ. ಬೆಂಚು ಇಲ್ಲದ ಕಡೆ ಅದನ್ನು ಕಟ್ಟಿಕೊಡುವುದು ಬ್ಯಾಂಡು, ಆಟದ ತಂಡ, ಕ್ಲಬ್ಬು, ನಾಟಕ. ಕ್ರಾಸ್ ಕಂಟ್ರಿ ಓಟದಂಥವಕ್ಕೆ ಎಷ್ಟೋ ಶಾಲೆಗಳಲ್ಲಿ ಬಂದವರನ್ನೆಲ್ಲ ಸೇರಿಸಿಕೊಳ್ಳುತ್ತಾರೆ. ನನ್ನ ಮಗ ತಂಡದಲ್ಲಿ ಕೊನೆಯಿಂದ ಎರಡನೆಯವನು. ಊಟಕ್ಕೆ ಮಾತ್ರ ಹನ್ನೊಂದು ಜನರ ಜೊತೆ ಕೂರುತ್ತಾನೆ.

(ಊಟ ಅಂದಾಗ ನೆನಪಾಯಿತು: 2022ರಿಂದ ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಗಳಲ್ಲಿ ತಿಂಡಿ, ಮಧ್ಯಾಹ್ನದ ಊಟ ಎಲ್ಲ ಮಕ್ಕಳಿಗೂ ಉಚಿತ. ಅದೇ ವರ್ಷದಿಂದ ಹೈಸ್ಕೂಲು ಬೆಳಗ್ಗೆ ಎಂಟೂವರೆಗಿಂತ ಮೊದಲು ಶುರುವಾಗುವಂತಿಲ್ಲ ಎಂಬ ಕಾನೂನೂ ಇದೆ. ನಿಮ್ಮ ಪುಣ್ಯ.)

ಇನ್ನು ಗಣಿತ. ಇದರ ಬಗ್ಗೆ ಬರೆಯುವಾಗ ನನಗೆ ಈಗಲೂ ಮೈ ಉರಿಯುತ್ತದೆ, ನನ್ನ ಮೇಲೇ. ಇಲ್ಲಿ ಗಣಿತ ಎಲ್ಲರಿಗೂ ಒಂದೇ ಪುಸ್ತಕವಲ್ಲ. ಆಲ್ಜಿಬ್ರಾ ಒಂದು, ಜಿಯೋಮೆಟ್ರಿ, ಆಲ್ಜಿಬ್ರಾ ಎರಡು, ಪ್ರೀಕ್ಯಾಲ್ಕುಲಸ್, ಕ್ಯಾಲ್ಕುಲಸ್ ಎಂದು ಮೆಟ್ಟಿಲುಗಳಿವೆ, ಯಾರು ಎಲ್ಲಿ ನಿಂತಿದ್ದಾರೆ ಅನ್ನುವುದು ನಮ್ಮವರ ಹುಟ್ಟುಹಬ್ಬದ ಪಾರ್ಟಿಗಳ ಮುಖ್ಯ ಸುದ್ದಿ. "ನಮ್ಮವನು ಜಿಯೋಮೆಟ್ರಿ ಬೇಸಿಗೇಲೇ ಮುಗಿಸಿಬಿಟ್ಟ" ಅಂತ ಒಬ್ಬರು ಅಂದರು. ನನ್ನ ಕೈಲಿದ್ದ ಕೇಸರಿಭಾತಿನ ತಟ್ಟೆ ನಡುಗಿತು. ಮಗಳನ್ನೂ ಆರು ವಾರದ ಬೇಸಿಗೆ ಕೋರ್ಸಿಗೆ ತಳ್ಳಿದೆ. ಒಂದು ವರ್ಷದ ಪಾಠ ಆರು ವಾರದಲ್ಲಿ. ಪರೀಕ್ಷೆ ಪಾಸಾದಳು, ವಿಷಯ ತಲೆಗೆ ಹೋಗಿರಲಿಲ್ಲ. ಒಂಬತ್ತರಲ್ಲಿ ತನಗಿಂತ ದೊಡ್ಡವರ ಜೊತೆ ಕೂತು, ಚೆನ್ನಾಗಿ ಬರುತ್ತಿದ್ದ ಗಣಿತವನ್ನೇ ದ್ವೇಷಿಸಲು ಕಲಿತಳು. 2015ರ ಒಂದು ರಾಜ್ಯ ಕಾನೂನಿನ ಪ್ರಕಾರ ಒಂಬತ್ತನೇ ಕ್ಲಾಸಿನವರ ಗಣಿತದ ಮೆಟ್ಟಿಲು ಸರಿಯಿದೆಯೇ ಎಂದು ಶಾಲೆ ಮೊದಲ ತಿಂಗಳಲ್ಲಿ ಒಮ್ಮೆಯಾದರೂ ನೋಡಲೇಬೇಕು. ಆಗ ಒಂದು ಮೆಟ್ಟಿಲು ಕೆಳಗಿಳಿಸಿ ಅಂತ ಕೇಳಬಹುದಿತ್ತು. ಕೆಳಗಿಳಿಯುವುದೇ? ನಾವೇ? ಕೇಳಲಿಲ್ಲ.

ಇಷ್ಟೆಲ್ಲ ಒದ್ದಾಡಿದ್ದು ಕಾಲೇಜಿಗಾಗಿ ತಾನೇ? ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಕೇಳುವುದು ಎ ಯಿಂದ ಜಿ ವರೆಗೆ ಹೆಸರಿಟ್ಟ ವಿಷಯಗಳ ಗುಂಪುಗಳಲ್ಲಿ ಒಟ್ಟು 15 ವರ್ಷಾವಧಿ ಕೋರ್ಸು. ಗಣಿತ ಮೂರು ವರ್ಷ ಬೇಕು, ನಾಲ್ಕಾದರೆ ಒಳ್ಳೆಯದು. ಎಲ್ಲದರಲ್ಲೂ ಕನಿಷ್ಠ ಸಿ ಗ್ರೇಡು ಇರಬೇಕು. ಅವರು ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, ಲೆಕ್ಕ ಹಾಕುವಾಗ ಒಂಬತ್ತನೇ ಕ್ಲಾಸಿನ ಗ್ರೇಡನ್ನು ಸೇರಿಸುವುದೇ ಇಲ್ಲ, ಹತ್ತು ಮತ್ತು ಹನ್ನೊಂದನೆಯದಷ್ಟೇ. ಬೇರೆ ಕಾಲೇಜುಗಳು ನಾಲ್ಕೂ ವರ್ಷ ನೋಡಬಹುದು, ಅದು ಬೇರೆ ಮಾತು. ಆದರೆ ಯಾವ ಒಂಬತ್ತನೇ ಕ್ಲಾಸಿನ ಅಂಕಕ್ಕಾಗಿ ನಾನು ಮನೆಯನ್ನು ಕುರುಕ್ಷೇತ್ರ ಮಾಡಿದ್ದೆನೋ, ಅದು ಕೊನೆಗೆ ಅವಳು ಸೇರಿದ ಕಡೆಯ ಲೆಕ್ಕದಲ್ಲೇ ಇರಲಿಲ್ಲ.

ಶಾಲೆಯವರು ನಿಮಗೊಂದು ಪೋರ್ಟಲ್ ಕೊಡುತ್ತಾರೆ, ಫೋನಿನಲ್ಲಿ ಹಾಕಿಕೊಳ್ಳಬಹುದು. ಟೀಚರು ಅಂಕ ತುಂಬಿದ ಕೂಡಲೇ ಟಣ್ ಅನ್ನುತ್ತದೆ. ನನ್ನದು ಟಣ್ ಅಂದದ್ದು ಒಂದು ಮಂಗಳವಾರ ಮಧ್ಯಾಹ್ನ, ಆಫೀಸಿನ ಮೀಟಿಂಗಿನಲ್ಲಿ. 72. ಮೇಜಿನ ಕೆಳಗೆ ಫೋನು ಹಿಡಿದು ಮಗಳಿಗೆ ಮೆಸೇಜು ಹಾಕಿದೆ: "ಏನಿದು 72?" ಅವಳಿಗೆ ತನ್ನ ಅಂಕ ಇನ್ನೂ ಗೊತ್ತಿರಲಿಲ್ಲ. ಕೆಮಿಸ್ಟ್ರಿ ಲ್ಯಾಬಿನಲ್ಲಿ ನಿಂತಿದ್ದಳಂತೆ. ಕನ್ನಡಕದ ಮೇಲೆ ಲ್ಯಾಬಿನ ಕನ್ನಡಕ ಹಾಕಿಕೊಂಡೇ ಬಾತ್‌ರೂಮಿಗೆ ಹೋಗಿ ಅತ್ತು, ಮುಖ ತೊಳೆದು ಬಂದಳಂತೆ. ಇದನ್ನು ಅವಳು ನನಗೆ ಹೇಳಿದ್ದು ಐದು ವರ್ಷದ ಮೇಲೆ, ಕಾಲೇಜಿನಿಂದ ಥ್ಯಾಂಕ್ಸ್‌ಗಿವಿಂಗ್ ರಜಕ್ಕೆ ಬಂದಾಗ, ಪಾತ್ರೆ ಒರೆಸುತ್ತಾ.

ನಮ್ಮಪ್ಪ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು. ಎಂಟನೇ ಕ್ಲಾಸಿಗೆ ಸೇರಿಸಲು ಒಂದು ದಿನ ಬಂದು ಸಹಿ ಹಾಕಿದರು. ಮತ್ತೆ ಶಾಲೆಯ ಗೇಟಿನ ಹತ್ತಿರ ಅವರನ್ನು ನಾನು ಕಂಡದ್ದು ಎಸ್ಸೆಸ್ಸೆಲ್ಸಿ ರಿಸಲ್ಟು ಬೋರ್ಡಿಗೆ ಹಾಕಿದ ದಿನ. ನಾನು ಯಾವ ಸೆಕ್ಷನ್ನು ಅಂತಲೂ ಅವರಿಗೆ ಗೊತ್ತಿರಲಿಲ್ಲ. ಅರ್ಧವಾರ್ಷಿಕದಲ್ಲಿ ವಿಜ್ಞಾನಕ್ಕೆ 31 ಬಂದದ್ದನ್ನು ನಾನು ಇವತ್ತಿನವರೆಗೂ ಅವರಿಗೆ ಹೇಳಿಲ್ಲ. ಮುಚ್ಚಿಟ್ಟುಕೊಳ್ಳಲು ಒಂದು ವಾರ ಸಿಕ್ಕಿತ್ತು, ಆ ವಾರದಲ್ಲಿ ಓದಿದೆ. ಮಗಳಿಗೆ ನಾನು ಆ ಒಂದು ವಾರವನ್ನೂ ಬಿಡಲಿಲ್ಲ. ಮಗ ಸೇರಿದ ದಿನವೇ ಟಣ್ ಅನ್ನುವುದನ್ನು ನಿಲ್ಲಿಸಿದೆ. ಪೋರ್ಟಲ್ ನೋಡುವುದು ಭಾನುವಾರ ಸಂಜೆ, ಅವನೂ ಪಕ್ಕದಲ್ಲಿ ಕೂತು. ನಡುವೆ ಎರಡು ಸಲ ಕದ್ದು ನೋಡಿದ್ದೇನೆ. ಸುಳ್ಳು ಯಾಕೆ ಹೇಳಲಿ.

ಸೆಪ್ಟೆಂಬರಿನಲ್ಲೋ ಅಕ್ಟೋಬರಿನಲ್ಲೋ ಹೋಮ್‌ಕಮಿಂಗ್ ಅಂತ ಬರುತ್ತದೆ. ಒಂದು ಫುಟ್‌ಬಾಲ್ ಪಂದ್ಯ, ಮರುದಿನ ಡ್ಯಾನ್ಸು. ಹೆಸರು ಕೇಳಿದಾಗ ನಾನು ಊರಿಗೆ ಬರುವುದರ ಬಗ್ಗೆ ಏನೋ ಕಾರ್ಯಕ್ರಮ ಅಂದುಕೊಂಡಿದ್ದೆ. ಆ ಶನಿವಾರ ನಮ್ಮ ಮನೆಯಲ್ಲಿ ಗೊಂಬೆ ಕೂರಿಸಿದ್ದೆವು, ಮೂವತ್ತು ಜನ ಅರಿಶಿನ ಕುಂಕುಮಕ್ಕೆ ಬರುವವರಿದ್ದರು. ಮಗಳು ಒಂದೇ ಸಲ ಕೇಳಿದಳು. "ಹಬ್ಬದ ದಿನ ಕುಣಿಯೋಕೆ ಹೋಗ್ತಾರಾ?" ಅಂದೆ. ರೇಷ್ಮೆ ಲಂಗ ಹಾಕಿಕೊಂಡು ಚರುಪು ಹಂಚಿದಳು, ಎಲ್ಲರೂ ಲಕ್ಷಣವಾಗಿದ್ದಾಳೆ ಅಂದರು. ಈಗ ಅವಳ ಅಪಾರ್ಟ್‌ಮೆಂಟಿನಲ್ಲಿ ಪಟ್ಟದ ಗೊಂಬೆಯೂ ಇಲ್ಲ. ಕಳೆದ ದಸರೆಗೆ ಮಗ ಅರ್ಧ ಸಂಜೆ ಮೆಟ್ಟಿಲ ಮುಂದೆ ಕೂತು ಆರತಿ ತೆಗೆದುಕೊಂಡು, ಏಳು ಗಂಟೆಗೆ ಟೈ ಕಟ್ಟಿಕೊಂಡು ಹೊರಟ. ಟೈ ಕಟ್ಟಿದ್ದು ಅವರಪ್ಪ. ಕುಂಕುಮಕ್ಕೆ ಬಂದಿದ್ದ ಒಬ್ಬರು ನನ್ನ ಮುಖ ನೋಡಿದರು. ನಾನು ಅವರಿಗೆ ಇನ್ನೊಂದು ಸೌಟು ಕಡಲೆಕಾಳು ಉಸಲಿ ಹಾಕಿದೆ.

ಕೊನೆಯದು, ಈಮೇಲು. ಟೀಚರಿಗೆ ಬರೆಯುವುದು ಮಗು, ನೀವಲ್ಲ. ಒಂಬತ್ತನೇ ಕ್ಲಾಸಿನ ಡಿಸೆಂಬರಿನಲ್ಲಿ ಮಗಳಿಗೆ ಇಂಗ್ಲಿಷಿನಲ್ಲಿ 89.4 ಬಂದಿತ್ತು, 90 ಆದರೆ ಎ. "ರೆಸ್ಪೆಕ್ಟೆಡ್ ಮೇಡಂ" ಎಂದು ಶುರುಮಾಡಿ ಮೂರು ಪ್ಯಾರಾ ಬರೆದೆ. ಅವಳು ಎಷ್ಟು ಕಷ್ಟಪಡುತ್ತಾಳೆ, ನಾವು ಯಾವ ಊರಿನಿಂದ ಬಂದವರು, ಎಲ್ಲ. ಎರಡು ಸಾಲಿನ ಉತ್ತರ ಬಂತು: ನಿಮ್ಮ ಮಗಳೇ ಬಂದು ನನ್ನ ಹತ್ತಿರ ಮಾತಾಡಲಿ, ಖುಷಿಯಿಂದ ಕೇಳುತ್ತೇನೆ. ಮಗಳು ಹೋಗಲಿಲ್ಲ. ಆ ಟೀಚರ ಕ್ಲಾಸಿನಲ್ಲಿ ಜೂನ್‌ವರೆಗೆ ಕೈ ಎತ್ತಲೂ ಇಲ್ಲ.

ಎಂಟನೇ ಕ್ಲಾಸಿನಲ್ಲೇ ಅಭ್ಯಾಸ ಮಾಡಿಸಿ. ಲೈಬ್ರರಿಗೆ ಫೋನು ಮಾಡುವುದು, ಡೆಂಟಿಸ್ಟಿನ ದಿನ ಬದಲಾಯಿಸುವುದು, ಹೋಟೆಲಿನಲ್ಲಿ ತನಗೆ ಬೇಕಾದ್ದನ್ನು ತಾನೇ ಕೇಳುವುದು. "ದೊಡ್ಡವರು ಮಾತಾಡುವಾಗ ಮಧ್ಯೆ ಬಾಯಿ ಹಾಕಬೇಡ" ಅಂತ ಬೆಳೆಸಿದವರು ನಾವು. ಒಂಬತ್ತಕ್ಕೆ ಬಂದ ಕೂಡಲೇ ಬಾಯಿ ಬಿಡು ಅಂದರೆ ಎಲ್ಲಿಂದ ಬಿಟ್ಟಾವು?

ಮೊನ್ನೆ ಸೆಪ್ಟೆಂಬರಿನಲ್ಲಿ ಮಗನಿಗೆ ಜ್ವರ ಬಂದು ಬಯಾಲಜಿ ಪರೀಕ್ಷೆ ತಪ್ಪಿತು. ಊಟದ ಮೇಜಿನ ಹತ್ತಿರ ಲ್ಯಾಪ್‌ಟಾಪ್ ಇಟ್ಟುಕೊಂಡು ಟೀಚರಿಗೆ ಬರೆಯುತ್ತಿದ್ದ. ಹಿಂದೆ ನಿಂತು ಓದಿದೆ. ಮೂರೇ ಸಾಲು. ಮೊದಲ ಸಾಲಿನಲ್ಲೇ ಸ್ಪೆಲಿಂಗ್ ತಪ್ಪು, ಪ್ಲೀಸ್ ಅನ್ನುವುದು ಎಲ್ಲೂ ಇಲ್ಲ. ನನ್ನ ಬೆರಳು ಕೀಬೋರ್ಡಿನ ಕಡೆ ಹೋಯಿತು. ಅವನು ತಿರುಗಿ ನೋಡಿದ. "ಸಾರಿನ ಒಗ್ಗರಣೆ ಸೀಯ್ತಿದೆ" ಅಂತ ಅಡುಗೆಮನೆಗೆ ಹೋದೆ. ಒಲೆ ಹಚ್ಚಿಯೇ ಇರಲಿಲ್ಲ.